ಆಕ್ಟೇನ್ ಎಂದರೆ ಫ್ಯಾಟ್ ಅಲ್ಲ

ಹಾಲಿನಲ್ಲಿ ಫ್ಯಾಟ್ ಹೆಚ್ಚಿದ್ದರೆ ಸಂಘದಲ್ಲಿ ದರವೂ ಹೆಚ್ಚು ಸಿಗುತ್ತದೆ. ಬಂಕಿನ ಪ್ರೀಮಿಯಂ ಪೆಟ್ರೋಲನ್ನೂ ನಾವು ಅದೇ ಲೆಕ್ಕದಲ್ಲಿ ನೋಡುತ್ತೇವೆ. 95 ಎಂದು ಬರೆದಿದೆ, ದುಡ್ಡೂ ಜಾಸ್ತಿ, ಅಂದಮೇಲೆ ಮಾಲು ಗಟ್ಟಿ ಇರಲೇಬೇಕು! ಅನಮೋಡ, ಜೋಯಿಡಾ ಕಡೆಯ ಅಕ್ಕತಂಗಿಯರು ಹುಲ್ಲು ಕೊಯ್ಯುವ ಬ್ರಶ್ ಕಟರಿಗೆ ಅದನ್ನು ಹಾಕಿಸುವ ಅಗತ್ಯವಿಲ್ಲ ಎನ್ನುತ್ತೇನೆ ನಾನು.

ಆಕ್ಟೇನ್ ಪೆಟ್ರೋಲಿನ ಶಕ್ತಿಯ ಅಳತೆಯಲ್ಲ. ಎಂಜಿನ್ನಿನೊಳಗೆ ಒತ್ತಡಕ್ಕೆ ಸಿಕ್ಕ ಪೆಟ್ರೋಲ್ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಹೆಚ್ಚು ಒತ್ತಡದ ದುಬಾರಿ ಕಾರು, ಬೈಕುಗಳಿಗೆ ಅದು ಬೇಕು. ನಮ್ಮ ಸಣ್ಣ ಎಂಜಿನ್ನಿನಲ್ಲಿ ಅಷ್ಟು ಒತ್ತಡವೇ ಇರುವುದಿಲ್ಲ. ಪ್ರೀಮಿಯಂನಲ್ಲಿ ಬೆರೆಸುವ ರಾಸಾಯನಿಕ ಇಂಜೆಕ್ಟರ್, ವಾಲ್ವ್‌ಗಳ ಮಸಿ ತೊಳೆಯುತ್ತದೆ, ನಿಜ. ಆದರೆ ಟೂ ಸ್ಟ್ರೋಕ್ ಬ್ರಶ್ ಕಟರಿಗೆ ಸಾಮಾನ್ಯವಾಗಿ ಇಂಜೆಕ್ಟರೂ ಇಲ್ಲ, ವಾಲ್ವೂ ಇಲ್ಲ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಅಲ್ಪಸ್ವಲ್ಪ ಉಪಯೋಗವಾದೀತು, ಕೊಡುವ ದುಡ್ಡಿಗೆ ತಕ್ಕಷ್ಟಲ್ಲ.

ನಮ್ಮಲ್ಲಿ ಯಂತ್ರ ಕೆಡಿಸುವುದು ಬೇರೆಯೇ. ಗೋವಾದಲ್ಲಿ ಅಗ್ಗವೆಂದು ಕ್ಯಾನ್ ತುಂಬಿಸಿ ತಂದು ತಿಂಗಳುಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲಿಡುತ್ತೇವೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. (ಅದನ್ನು ಮೆಕ್ಕೆಜೋಳದಿಂದಲೂ ಮಾಡುತ್ತಾರೆ, ಪಶು ಆಹಾರದ ದರದ ಮಾತು ಇನ್ನೊಮ್ಮೆ ಆಡೋಣ.) ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸಡಿಲ ಮುಚ್ಚಳದಿಂದ ಮಳೆನೀರು ಸೇರಿತೋ, ಎಥೆನಾಲೂ ನೀರೂ ಒಟ್ಟಾಗಿ ತಳಕ್ಕಿಳಿಯುತ್ತವೆ, ಆಯಿಲ್ ಪೆಟ್ರೋಲಿನ ಜೊತೆ ಮೇಲೆಯೇ ಉಳಿಯುತ್ತದೆ. ಎಂಜಿನ್ ಎಳೆಯುವುದು ತಳದ್ದನ್ನೇ. ಎಣ್ಣೆಯಿಲ್ಲದೆ ಪಿಸ್ಟನ್ ಹಿಡಿದುಕೊಂಡರೆ ಹಲವು ದಿನಗಳ ಹಾಲಿನ ದುಡ್ಡು ರಿಪೇರಿಗೆ ಹೋಯಿತು. ಹೀಗೆ ಒಡೆದ ಪೆಟ್ರೋಲನ್ನು ಯಾವ ಬಾಟಲಿಯ ಔಷಧವೂ ಸರಿಮಾಡದು. ದೀರ್ಘಕಾಲ ಇಡಲೇಬೇಕಾದರೆ ಸ್ಟೆಬಿಲೈಸರ್ ಉಪಯೋಗಕ್ಕೆ ಬರುತ್ತದೆ, ಅದೂ ಹೊಸ ಪೆಟ್ರೋಲಿಗೆ ಹಾಕಿದರೆ ಮಾತ್ರ.

ಪ್ರೀಮಿಯಂಗೆ ಕೊಡುವ ಹೆಚ್ಚಿನ ದುಡ್ಡಲ್ಲಿ ಒಳ್ಳೆಯ ಟೂ ಟಿ ಆಯಿಲ್ ಕೊಳ್ಳಿ. ಅಂದಾಜಿಗೆ ಸುರಿಯಬೇಡಿ: ಯಂತ್ರದ ಪುಸ್ತಕದಲ್ಲಿ 25:1 ಎಂದಿದ್ದರೆ ಲೀಟರಿಗೆ 40 ಮಿಲಿ, 50:1 ಎಂದಿದ್ದರೆ 20 ಮಿಲಿ. ಎಥೆನಾಲ್ ಎಷ್ಟರವರೆಗೆ ಆಗುತ್ತದೆ ಎಂಬುದನ್ನೂ ಅಲ್ಲೇ ನೋಡಿ. ಎರಡು ವಾರಕ್ಕೆ ಆಗುವಷ್ಟನ್ನೇ ತನ್ನಿ. ಯಂತ್ರ ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿನಲ್ಲಿ ಹನಿ ಉಳಿಯಬಾರದು.

ಒಕ್ಕೂಟಕ್ಕೂ ಒಂದು ಕೋರಿಕೆ. ಮಳೆಗಾಲಕ್ಕೆ ಮುಂಚೆ ಒಂದು ದಿನ ಮೆಕ್ಯಾನಿಕ್ ಒಬ್ಬರನ್ನು ನಮ್ಮ ಸಂಘಗಳಿಗೇ ಕರೆತಂದು, ಪ್ಲಗ್ ಬಿಚ್ಚುವುದು, ಫಿಲ್ಟರ್ ತೊಳೆಯುವುದನ್ನು ಹೆಣ್ಣುಮಕ್ಕಳ ಕೈಯಲ್ಲೇ ಮಾಡಿಸಿ ಕಲಿಸಲಿ.