ಚಿತ್ತಪ್ರಸಾದವೂ ಬಾವಿಯ ಸರದಿಯೂ



ಯೋಗವೆಂದೊಡನೆ ಈಗ ಎಲ್ಲರ ಕಣ್ಣಮುಂದೆ ಬರುವುದು ಚಾಪೆ ಹಾಸಿದ ಮೈದಾನ. ವಿಶ್ವಸಂಸ್ಥೆಯು 2014ರ ಡಿಸೆಂಬರಿನಲ್ಲಿ ನಿರ್ಣಯ ಕೈಗೊಂಡು, 2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾದ ಮೇಲಂತೂ ಹಳ್ಳಿಯ ಶಾಲಾಮಕ್ಕಳೂ ಸೂರ್ಯನಮಸ್ಕಾರ ಬಲ್ಲವರಾಗಿದ್ದಾರೆ. ಸಂತೋಷದ ಸಂಗತಿಯೇ. ಆದರೆ ಪತಂಜಲಿ ಮಹರ್ಷಿಗಳ ಯೋಗಸೂತ್ರಗಳಲ್ಲಿ, ಇನ್ನೂರಕ್ಕೆ ನಾಲ್ಕೈದು ಕಡಿಮೆಯಿರುವ ಆ ಸೂತ್ರಗಳಲ್ಲಿ, ಆಸನವನ್ನೇ ಕುರಿತವು ಮೂರೇ ಮೂರು. ಅವುಗಳಲ್ಲಿ ಕಡೆಯದು ಆಸನಸಿದ್ಧಿಯ ಫಲವನ್ನು ತಿಳಿಸುತ್ತದೆ: ದ್ವಂದ್ವಗಳ ಪೆಟ್ಟು ತಾಗದಿರುವುದು. ಭಾಷ್ಯಕಾರರು ಇದಕ್ಕೆ ಶೀತೋಷ್ಣಗಳ ಉದಾಹರಣೆ ಕೊಡುತ್ತಾರೆ. ನಮ್ಮ ಮನೆಗಳಲ್ಲಿ ಚಳಿ ಸೆಕೆಗಳಿಗಿಂತ ಬಲವಾಗಿ ಹೊಡೆಯುವ ದ್ವಂದ್ವವೊಂದಿದೆ: ನನ್ನ ಪಾಲು, ನಿನ್ನ ಪಾಲು.

ಇದಕ್ಕೆ ಪರರ ದೃಷ್ಟಾಂತವನ್ನು ಹುಡುಕಿಕೊಂಡು ಹೋಗುವ ಅಗತ್ಯ ನಮಗಿಲ್ಲ. ತೀರ್ಥರೂಪರು ಲಿಂಗೈಕ್ಯರಾದ ಬಳಿಕ ನಮಗೂ ನಮ್ಮ ಅಣ್ಣನವರಿಗೂ ಹೊಲ ಪಾಲಾಯಿತು. ಬಾವಿ ಮಾತ್ರ ಇಬ್ಬರಿಗೂ ಸೇರಿ ಉಳಿಯಿತು. ದಿನ ಬಿಟ್ಟು ದಿನ ನೀರಿನ ಸರದಿ. ಪಂಪಿನ ತ್ರೀ ಫೇಸ್ ವಿದ್ಯುತ್ತು ರಾತ್ರಿ ಬಂದರೆ ಆ ರಾತ್ರಿಯನ್ನು ಹಿಂದಿನ ದಿನಕ್ಕೆ ಸೇರಿಸಬೇಕೋ ಮರುದಿನಕ್ಕೋ ಎಂಬಲ್ಲಿ ಮಾತು ಬೆಳೆದು, ಮೂರು ವರ್ಷ ನಮ್ಮಿಬ್ಬರಲ್ಲಿ ಮಾತೇ ಇಲ್ಲದಂತಾಯಿತು. ಆ ಮೂರು ವರ್ಷಗಳಲ್ಲಿ ನಮ್ಮ ಪ್ರಾಣಾಯಾಮ ಒಂದು ದಿನವೂ ತಪ್ಪಲಿಲ್ಲವೆಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇವೆ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತರೆ ಕಿವಿಯೆಲ್ಲ ಪಂಪಿನ ಸದ್ದಿನ ಕಡೆಗಿರುತ್ತಿತ್ತು.

ಆದರೂ ನಾವು ಸಮಚಿತ್ತರೆಂದೇ ನಂಬಿದ್ದೆವು. ಬೈಯುತ್ತಿರಲಿಲ್ಲ, ಪಂಚರನ್ನು ಕೂಡಿಸಲಿಲ್ಲ, ಎದುರಾದರೆ ತಲೆ ತಗ್ಗಿಸಿ ಸಾಗುತ್ತಿದ್ದೆವು. ಕೇಳಿದವರಿಗೆ 'ಉಪೇಕ್ಷೆ ಮಾಡಿದ್ದೇವೆ' ಎನ್ನುತ್ತಿದ್ದೆವು. ಪದವೇನೋ ಪತಂಜಲಿಗಳದೇ. ಚಿತ್ತವು ತಿಳಿಯಾಗಲು ಸಮಾಧಿಪಾದದಲ್ಲಿ ಅವರು ನಾಲ್ಕು ಭಾವನೆಗಳನ್ನು ವಿಧಿಸಿದ್ದಾರೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ, ಪುಣ್ಯಹೀನರಲ್ಲಿ ಉಪೇಕ್ಷೆ. ನಾವು ಮೊದಲ ಮೂರನ್ನು ಹಾರಿ ನಾಲ್ಕನೆಯದಕ್ಕೇ ಹೋಗಿದ್ದೆವು. ಅದಕ್ಕಾಗಿ ಒಡಹುಟ್ಟಿದವರನ್ನು ಪುಣ್ಯಹೀನರ ಪಂಕ್ತಿಯಲ್ಲಿ ಕೂರಿಸಿದ್ದೇವೆಂಬುದು ಹೊಳೆಯಲಿಲ್ಲ. ಕನ್ನಡದಲ್ಲಿ ಉಪೇಕ್ಷೆಯೆಂದರೆ ಅಲಕ್ಷ್ಯವೆಂಬ ಅರ್ಥ ರೂಢಿಯಾಗಿರುವುದೂ ನಮಗೆ ಅನುಕೂಲವೇ ಆಯಿತೆನ್ನಿ! ಸೂತ್ರದ ಉಪೇಕ್ಷೆಯಾದರೋ, ತಪ್ಪನ್ನು ತಪ್ಪೆಂದು ಕಂಡೂ ಚಿತ್ತವನ್ನು ಅದರ ಬೆನ್ನಟ್ಟಲು ಬಿಡದಿರುವುದು. ನಮ್ಮ ಚಿತ್ತವು ಹಗಲಿರುಳು ಬಾವಿಕಟ್ಟೆಯ ಮೇಲೆಯೇ ಕುಳಿತಿತ್ತು.

ನಾಲ್ಕರಲ್ಲಿ ಮೊದಲನೆಯದೇ ಕಠಿಣವೆಂದು ನಮ್ಮ ಅನುಭವ. ದುಃಖದ ಮನೆಗೆ ಬುತ್ತಿ ಒಯ್ಯುವುದು ನಮ್ಮ ಜನಕ್ಕೆ ಕಲಿಸಬೇಕಾದ ವಿದ್ಯೆಯಲ್ಲ. ದಾಯಾದಿಯ ಕಬ್ಬು ನಮ್ಮದಕ್ಕಿಂತ ಎತ್ತರ ಬೆಳೆದಾಗ ಮನಸಾರೆ ಅವನ ಗೆಳೆಯನಾಗಿ ಉಳಿಯುವುದು ಶೀರ್ಷಾಸನಕ್ಕಿಂತ ಕಷ್ಟ.

ಒಂದು ರಾತ್ರಿ ಅಣ್ಣನವರ ಸರದಿಯಲ್ಲಿ ನಮ್ಮ ಆಳುಮಗ ನೀರನ್ನು ನಮ್ಮ ಹೊಲಕ್ಕೆ ತಿರುಗಿಸಿಕೊಂಡ. ಬೆಳಿಗ್ಗೆ ತಿಳಿಯಿತು, ನಾವು ಏನೂ ಹೇಳಲಿಲ್ಲ. ನಾವು ಮಾಡಿದ್ದಲ್ಲ, ಮಾಡಿಸಿದ್ದೂ ಅಲ್ಲ ಎಂಬ ಸಮಾಧಾನವಿತ್ತು. ಸಾಧನಪಾದವು ಈ ಬಾಗಿಲನ್ನೂ ಮುಚ್ಚಿದೆ. ಹಿಂಸೆಯೇ ಮೊದಲಾದವು ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ಮೂರು ಬಗೆ. ಮೂರನೆಯದರಲ್ಲಿ ನಾವು ಸಿಕ್ಕಿಬಿದ್ದಿದ್ದೆವು. ಆ ವಾರ ಅಣ್ಣನವರ ಮೆಣಸಿನ ಸಸಿಗಳು ಬಾಡಿದವು.

ಇಂಥ ವಿಚಾರಗಳು ಬಾಧಿಸಿದಾಗ ಪ್ರತಿಪಕ್ಷವನ್ನು ಭಾವಿಸಬೇಕೆಂದು ಮಹರ್ಷಿಗಳ ವಿಧಿ. ಬಾವಿಯ ವಿಚಾರ ಬಂದಾಗಲೆಲ್ಲ, ಮಳೆಗಾಲದಲ್ಲಿ ನಮ್ಮನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿ ಶಾಲೆಗೆ ಬಿಡುತ್ತಿದ್ದ ಅಣ್ಣನವರನ್ನು ನೆನೆಯಲು ಯತ್ನಿಸಿದೆವು. ಕೂಡಲೇ ಫಲಿಸಲಿಲ್ಲ. ಹೆಗಲು ನೆನಪಾಗುವುದು, ಅದರ ಹಿಂದೆಯೇ ಪಂಪಿನ ಲೆಕ್ಕವೂ ನೆನಪಾಗುವುದು. ನಾಲ್ಕನೆಯ ಸಂಜೆ ಎದ್ದು ಹೋದೆವು. ಅತ್ತಿಗೆಯವರು ಏನೂ ಕೇಳದೆ ಕಾಲಿಗೆ ನೀರು ಕೊಟ್ಟರು. ನೀರು ತಿರುಗಿಸಿದ ಸಂಗತಿಯನ್ನು ಅಣ್ಣನವರ ಮುಂದೆ ಇದ್ದಂತೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಸಸಿ ಅಂತೂ ಹೋದವು ತಮ್ಮಾ. ರೊಟ್ಟಿ ಉಂಡು ಹೋಗು" ಎಂದರು.

ಮರುವಾರ ನಮ್ಮ ಮಡಿಯಲ್ಲಿ ಉಳಿದಿದ್ದ ಸಸಿಗಳನ್ನು ಕಿತ್ತು ಅವರ ಹೊಲಕ್ಕೆ ಕೊಟ್ಟೆವು, ಅರ್ಧ ಹಿಡಿದವು. ರಾತ್ರಿಯ ಲೆಕ್ಕ ಇನ್ನೂ ಪೂರ್ತಿ ಬಗೆಹರಿದಿಲ್ಲ. ಕಳೆದ ಬೇಸಿಗೆಯಲ್ಲಿ ಎರಡು ಸಲ ಧ್ವನಿ ಏರಿತು, ಒಂದು ಸಲ ಏರಿದ್ದು ನಮ್ಮದೇ. ಈಗ ಅತ್ತಿಗೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಸರದಿಯನ್ನು ಬರೆದಿಡುತ್ತಾರೆ. ಮಾತಿಗೆ ಮಾತು ಬಂದ ದಿನ ನಾವಿಬ್ಬರೂ ಹೋಗಿ ಅದರ ಮುಂದೆ ನಿಲ್ಲುತ್ತೇವೆ.