ಫಿರಂಗಿ ಸೋತ ಮೇಲೆ

ಕಳೆದ ತಿಂಗಳು ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲ್ ರೂಮಿನಲ್ಲಿ ಆರು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಒತ್ತಾಗಿ ಕೂತು 1953ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಸಿನಿಮಾ ನೋಡಿದೆವು. ಹಳೇ ಕಾಲದ ಗ್ರಾಫಿಕ್ಸ್ ಎಂದು ಮೊದಲು ಎಲ್ಲರೂ ನಗುತ್ತಿದ್ದರು. ಮಂಗಳ ಗ್ರಹದಿಂದ ಬಂದ ಯಂತ್ರಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಸೈನ್ಯ ಸುತ್ತುವರಿದು ಟ್ಯಾಂಕು, ಫಿರಂಗಿ ಎಲ್ಲ ಹಚ್ಚಿ ಸುರಿಮಳೆಗೈಯುವಾಗ ರೂಮಿನಲ್ಲಿ ನಗು ನಿಂತಿತು. ಕಣ್ಣಿಗೆ ಕಾಣದ ಒಂದು ಗುರಾಣಿಗೆ ಬಡಿದು ಶೆಲ್‌ಗಳು ಸಿಡಿಯುತ್ತವೆ, ಯಂತ್ರಕ್ಕೆ ಒಂದು ಗೀರೂ ಬೀಳುವುದಿಲ್ಲ. ಕೊನೆಗೆ ಅಣುಬಾಂಬ್ ಹಾಕುತ್ತಾರೆ. ಹೊಗೆ ಸರಿದಾಗ ಅವು ಏನೂ ಆಗದಂತೆ ತೇಲಿಕೊಂಡು ಮುಂದೆ ಬರುತ್ತವೆ.

ಆಮೇಲೆ ಏನಾಯಿತೆಂದರೆ, ಅವು ತಾವಾಗಿಯೇ ಸತ್ತುಬಿದ್ದವು. ನಮ್ಮ ಭೂಮಿಯ ಬ್ಯಾಕ್ಟೀರಿಯಾ ತಗುಲಿ!

‘ಇದೇನಲೇ ಕ್ಲೈಮ್ಯಾಕ್ಸು? ಅಷ್ಟೊಂದು ಮಿಲಿಟರಿ ತೋರಿಸಿ ಕಡೀಕ ನೆಗಡಿ ಬಂದು ಸತ್ರಂದ್ರ ಮೋಸ ಅಲ್ಲೇನು?’ ಎಂದ ನನ್ನ ರೂಮ್‌ಮೇಟ್. ಅವನಿಗೆ 1996ರ ‘ಇಂಡಿಪೆಂಡೆನ್ಸ್ ಡೇ’ ಇಷ್ಟ. ಅದರಲ್ಲೂ ಅಣ್ವಸ್ತ್ರ ವಿಫಲವಾಗುತ್ತದೆ. ಆದರೆ ಒಬ್ಬ ಬುದ್ಧಿವಂತ ಲ್ಯಾಪ್‌ಟಾಪ್‌ನಿಂದ ಕಂಪ್ಯೂಟರ್ ವೈರಸ್ ಕಳಿಸಿ ಅನ್ಯಗ್ರಹದವರ ಗುರಾಣಿಯನ್ನೇ ಕೆಡವುತ್ತಾನೆ. ಎಂಜಿನಿಯರಿಂಗ್ ಹುಡುಗರಿಗೆ ಇದಕ್ಕಿಂತ ಸಿಹಿಯಾದ ಕನಸು ಇನ್ನೇನಿದೆ? ನಮ್ಮ ಕಾಲೇಜಿನ ಪ್ರಿಂಟರ್‌ಗೆ ನಮ್ಮದೇ ಲ್ಯಾಪ್‌ಟಾಪ್ ಕನೆಕ್ಟ್ ಆಗುವುದಿಲ್ಲ, ಬೇರೆ ಗ್ರಹದ ಹಡಗಿಗೆ ಆಗುತ್ತದಂತೆ! ಇದನ್ನು ಹೇಳಿದ್ದಕ್ಕೆ ದಿಂಬಿನಿಂದ ಹೊಡೆಸಿಕೊಂಡೆ. ವಾದ ರಾತ್ರಿ ಎರಡರವರೆಗೂ ನಡೆಯಿತು. ಅಂದು ಸರಿಯಾಗಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಪ್ರಕಾರ ಆ ಕ್ಲೈಮ್ಯಾಕ್ಸ್ ಮೋಸವಲ್ಲ. ಶತ್ರುವಿನ ಎಲ್ಲೋ ಒಂದು ಕಡೆ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಗೆದ್ದಂತೆ ಎಂದು ಹೇಳುವ ಕಥೆಯೇ ನಮಗೆ ಮೋಸ ಮಾಡುವುದು. ಆಯುಧ ನಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಒಬ್ಬ ಯೋಧ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಅದು ಹಾರಿಸಿಬಿಡುತ್ತದೆ.

ಸಿನಿಮಾ ಮುಗಿದ ಮೇಲೆ ನಾನು ಮೂಲ ಕಾದಂಬರಿ ಓದಿದೆ. ಎಚ್.ಜಿ. ವೆಲ್ಸ್ ಅದನ್ನು ಪುಸ್ತಕವಾಗಿ ತಂದದ್ದು 1898ರಲ್ಲಿ. ಕಥೆ ನಡೆಯುವುದು ಲಂಡನ್ ಸುತ್ತಮುತ್ತ. ಅಲ್ಲಿ ಗುರಾಣಿ ಇಲ್ಲ. ಮೂರು ಕಾಲಿನ ಯಂತ್ರಗಳಲ್ಲಿ ಒಂದನ್ನು ಶೆಪರ್ಟನ್ ಬಳಿ ಫಿರಂಗಿಯ ಶೆಲ್ ಹೊಡೆದು ಬೀಳಿಸಿಯೂಬಿಡುತ್ತದೆ. ಓದುತ್ತ ನಾನು ಸಣ್ಣಗೆ ಚಪ್ಪಾಳೆ ಹೊಡೆದೆ. ಆದರೆ ಮಂಗಳದವರು ಅದರಿಂದ ಪಾಠ ಕಲಿಯುತ್ತಾರೆ. ಮುಂದಿನ ಸಲ ಫಿರಂಗಿಗಳು ಇರಬಹುದಾದ ಕಡೆಗೆಲ್ಲ ದೂರದಿಂದಲೇ ವಿಷದ ಕಪ್ಪು ಹೊಗೆ ಬಿಡುತ್ತಾರೆ, ಫಿರಂಗಿಯವರು ನಿಂತಲ್ಲೇ ಸಾಯುತ್ತಾರೆ. ಯುದ್ಧಭೂಮಿಯಲ್ಲಿ ವಿಷಾನಿಲವನ್ನು ಮೊದಲ ಬಾರಿ ದೊಡ್ಡ ಪ್ರಮಾಣದಲ್ಲಿ ಬಿಟ್ಟು ಸೈನಿಕರನ್ನು ಕೊಂದದ್ದು 1915ರಲ್ಲಿ, ಬೆಲ್ಜಿಯಂನ ಈಪ್ರ್ ಬಳಿ. ಪುಸ್ತಕ ಬಂದು ಹದಿನೇಳು ವರ್ಷಗಳ ನಂತರ. ಅದನ್ನು ಬಿಟ್ಟವರು ಮಂಗಳದಿಂದ ಬಂದವರಾಗಿರಲಿಲ್ಲ.

ವೆಲ್ಸ್‌ಗೆ ಇದೆಲ್ಲ ಆಕಾಶದಿಂದ ಹೊಳೆದದ್ದಲ್ಲ. ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿನವರು ಏನು ಮಾಡಿದರು ಎಂಬುದನ್ನು ಆತ ಮೊದಲ ಅಧ್ಯಾಯದಲ್ಲೇ ನೆನಪಿಸುತ್ತಾನೆ. ಪುಸ್ತಕ ಬಂದ ಅದೇ 1898ರ ಸೆಪ್ಟೆಂಬರ್‌ನಲ್ಲಿ ಸುಡಾನಿನ ಓಂಡುರ್ಮನ್‌ನಲ್ಲಿ ಒಂದು ಯುದ್ಧ ನಡೆಯಿತು. ಒಂದು ಕಡೆ ಬ್ರಿಟಿಷರ ಮ್ಯಾಕ್ಸಿಮ್ ಗನ್ನುಗಳು, ಇನ್ನೊಂದು ಕಡೆ ಬಹುಪಾಲು ಈಟಿ, ಕತ್ತಿ, ಹಳೇ ಬಂದೂಕು. ಒಂದೇ ಬೆಳಗಿನಲ್ಲಿ ಸುಡಾನಿನವರು 10,000ಕ್ಕೂ ಹೆಚ್ಚು ಮಂದಿ ಸತ್ತರು. ಬ್ರಿಟಿಷ್–ಈಜಿಪ್ಟ್ ಸೈನ್ಯದಲ್ಲಿ ಸತ್ತವರು 50ಕ್ಕಿಂತ ಕಡಿಮೆ. ಆಯುಧ ನಾಟದ ಶತ್ರುವಿನ ಎದುರು ನಿಲ್ಲುವುದು ಹೇಗಿರುತ್ತದೆಂದು ತಿಳಿಯಲು ಆಕಾಶ ನೋಡಬೇಕಾಗಿರಲಿಲ್ಲ.

ಇನ್ನು ಬ್ಯಾಕ್ಟೀರಿಯಾ. ವೆಲ್ಸ್ ಜೀವವಿಜ್ಞಾನ ಓದಿದವನು, ಟಿ.ಎಚ್. ಹಕ್ಸ್‌ಲಿಯ ಪಾಠ ಕೇಳಿದವನು. ಅಮೆರಿಕ ಖಂಡಕ್ಕೆ ಯುರೋಪಿನವರು ಹೋದಾಗ ಅವರ ಜೊತೆ ಹೋದ ಸಿಡುಬು ಅಲ್ಲಿಯವರನ್ನು ಲಕ್ಷಗಟ್ಟಲೆ ಕೊಂದಿತ್ತು. ವೆಲ್ಸ್ ಅದನ್ನು ಉಲ್ಟಾ ಮಾಡಿದ, ರೋಗ ಬಂದದ್ದು ದಾಳಿ ಮಾಡಿದವರಿಗೆ. ಅವನ ಪ್ರಕಾರ ಮನುಷ್ಯರಿಗೆ ಆ ರೋಗನಿರೋಧಕ ಶಕ್ತಿ ಪುಕ್ಕಟೆ ಸಿಕ್ಕಿದ್ದಲ್ಲ, ಸಾವಿರಾರು ತಲೆಮಾರುಗಳು ಸತ್ತು ಸತ್ತು ಗಳಿಸಿದ್ದು. ಅಂದಮೇಲೆ ‘ಹೀರೊ ಏನೂ ಮಾಡಲಿಲ್ಲ’ ಎನ್ನುವುದು ಸರಿಯಲ್ಲ. ಹೆಸರಿಲ್ಲದವರು ಮಾಡಿಟ್ಟು ಹೋಗಿದ್ದರು.

ಹಾಗಾದರೆ ಸೈನಿಕರು ಸುಮ್ಮನೆ ಕೈಕಟ್ಟಿ ಕೂರಬೇಕಿತ್ತೇ? ರೂಮ್‌ಮೇಟ್ ಕೇಳಿದ್ದೂ ಇದನ್ನೇ. ಪುಸ್ತಕದಲ್ಲಿ ‘ಥಂಡರ್ ಚೈಲ್ಡ್’ ಎಂಬ ಒಂದು ಯುದ್ಧನೌಕೆ ಬರುತ್ತದೆ. ನಿರಾಶ್ರಿತರು ತುಂಬಿದ ಸ್ಟೀಮರ್ ಸಮುದ್ರಕ್ಕೆ ತಪ್ಪಿಸಿಕೊಂಡು ಹೋಗುತ್ತಿರುವಾಗ ಮೂರು ಯಂತ್ರಗಳು ನೀರಿಗಿಳಿದು ಬೆನ್ನಟ್ಟುತ್ತವೆ. ಆ ನೌಕೆ ನೇರ ಅವುಗಳ ಮೇಲೇ ನುಗ್ಗುತ್ತದೆ. ಎರಡನ್ನು ಕೆಡವಿ ತಾನೂ ನಾಶವಾಗುತ್ತದೆ, ಸ್ಟೀಮರ್ ಪಾರಾಗುತ್ತದೆ. ಅದರಿಂದ ಯುದ್ಧದ ಫಲಿತಾಂಶ ಒಂದಿಷ್ಟೂ ಬದಲಾಗಲಿಲ್ಲ. ಆ ಸ್ಟೀಮರಿನಲ್ಲಿದ್ದವರಿಗೆ ಮಾತ್ರ ಎಲ್ಲವೂ ಬದಲಾಯಿತು.

ಇದನ್ನೆಲ್ಲ ದಸರಾ ರಜೆಗೆ ಊರಿಗೆ ಹೋದಾಗ ನಮ್ಮ ಕಾಕಾನಿಗೆ ಹೇಳಿದೆ. ಕಾಕಾ ಮಿಲಿಟರಿಯಿಂದ ನಿವೃತ್ತನಾಗಿ ಈಗ ಹೊಲ ನೋಡಿಕೊಂಡಿದ್ದಾನೆ. ಸಿಯಾಚಿನ್‌ನಲ್ಲಿ ಒಂದು ಪಾಳಿ ಕಳೆದವನು. ಅನ್ಯಗ್ರಹದ ಕಥೆ ಕೇಳಿ ನಗುತ್ತಾನೆ ಅಂದುಕೊಂಡಿದ್ದೆ. ಆತ ನಗಲಿಲ್ಲ. ‘ಅಲ್ಲಿ ನಾ ಬಂದೂಕಕ್ಕಿಂತ ಸಲಿಕಿ ಹಿಡದಿದ್ದ ಹೆಚ್ಚು ತಮ್ಮಾ’ ಅಂದ. ರಾತ್ರಿಯೆಲ್ಲ ಬಿದ್ದ ಹಿಮವನ್ನು ಟೆಂಟಿನ ಮೇಲಿಂದ ತೆಗೆಯದಿದ್ದರೆ ಒಳಗಿದ್ದವರು ಬದುಕುವುದಿಲ್ಲವಂತೆ. ತೆಗೆದು ಮುಗಿಸುವಷ್ಟರಲ್ಲಿ ಮತ್ತೆ ಬಿದ್ದಿರುತ್ತದಂತೆ.

1984ರಿಂದ ನಮ್ಮ ಸೈನ್ಯ ಆ ಹಿಮನದಿಯ ಮೇಲಿದೆ. ಅಲ್ಲಿ ಶತ್ರುವಿನ ಗುಂಡಿಗಿಂತ ಚಳಿ, ಎತ್ತರ, ಹಿಮಕುಸಿತಕ್ಕೆ ಬಲಿಯಾದವರೇ ಹೆಚ್ಚು. 2003ರ ಕದನ ವಿರಾಮದ ನಂತರ ಗುಂಡು ನಿಂತಿತು, ಸಾವು ನಿಲ್ಲಲಿಲ್ಲ. ನಮ್ಮ ಕುಂದಗೋಳ ತಾಲ್ಲೂಕಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರ ಮೇಲೆ ಹಿಮದ ಗೋಡೆ ಕುಸಿಯಿತು. ಅವರಲ್ಲೊಬ್ಬರು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನಗಳ ಬಳಿಕ ಅವರನ್ನು ಜೀವಂತ ಹೊರತೆಗೆದಾಗ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಟೀಚರ್ ನಮ್ಮನ್ನೆಲ್ಲ ನಿಲ್ಲಿಸಿ ಪ್ರಾರ್ಥನೆ ಮಾಡಿಸಿದ್ದು ನೆನಪಿದೆ. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಆಗ ನನಗೆ ಗೊತ್ತಿರದಿದ್ದ ಒಂದು ಸಂಗತಿ ಆಮೇಲೆ ತಿಳಿಯಿತು. ಅವರನ್ನು ಹುಡುಕಲು ಮೇಲೆ ಹೋದವರು ಹಿಡಿದದ್ದು ಮಂಜುಗಡ್ಡೆ ಕೊರೆಯುವ ಉಪಕರಣ, ಸಲಿಕೆ, ಜೊತೆಗೆ ತರಬೇತಿ ಪಡೆದ ನಾಯಿಗಳು, ನೆಲದೊಳಗೆ ತೂರಿ ನೋಡುವ ರೇಡಾರ್. ಹೆಪ್ಪುಗಟ್ಟಿದ ಹಿಮದೊಳಗೆ ರೇಡಿಯೊ ಅಲೆ ಕಳಿಸಿದರೆ, ಒಳಗೆ ಹಿಮವಲ್ಲದ್ದು ಏನಾದರೂ ಇದ್ದಲ್ಲಿ ಅಲೆಯ ಒಂದಂಶ ತಿರುಗಿ ಬರುತ್ತದೆ. ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕಬಹುದು. ನಾಲ್ಕನೇ ಸೆಮಿಸ್ಟರ್‌ನ ಪಠ್ಯದಲ್ಲಿ ಈ ಪ್ರತಿಫಲನದ ಸೂತ್ರವನ್ನು ನಾನು ಹತ್ತು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಅದು ಯಾರನ್ನಾದರೂ ಹುಡುಕುತ್ತದೆ ಎಂಬ ಯೋಚನೆಯೇ ಬಂದಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನೇ ದೊಡ್ಡ ಮನುಷ್ಯನಂತೆ ಕಾಣುತ್ತೇನೆ. ಹಾಗಾಗಿ ವೆಲ್ಸ್‌ನ ಇನ್ನೊಬ್ಬ ಸೈನಿಕನ ಬಗ್ಗೆಯೂ ಹೇಳಬೇಕು. ಪುಸ್ತಕದ ಕೊನೆಕೊನೆಗೆ ಕಥಾನಾಯಕನಿಗೆ ಪಟ್ನಿ ಹಿಲ್ ಎಂಬಲ್ಲಿ ಒಬ್ಬ ಫಿರಂಗಿ ಸೈನಿಕ ಸಿಗುತ್ತಾನೆ. ಅವನ ದಳವೆಲ್ಲ ಸತ್ತಿದೆ, ಇವನು ಉಳಿದಿದ್ದಾನೆ. ಅವನ ಹತ್ತಿರ ಭಾರಿ ಯೋಜನೆ ಇದೆ: ಲಂಡನ್ನಿನ ಚರಂಡಿಗಳಲ್ಲಿ, ರೈಲು ಸುರಂಗಗಳಲ್ಲಿ ಗಟ್ಟಿ ಜನರನ್ನಷ್ಟೇ ಸೇರಿಸಬೇಕು, ವಿಜ್ಞಾನದ ಪುಸ್ತಕಗಳನ್ನು ಕಾಪಾಡಬೇಕು, ಒಂದು ದಿನ ಶತ್ರುವಿನ ಯಂತ್ರವನ್ನೇ ಕಸಿದುಕೊಂಡು ತಿರುಗಿ ಬೀಳಬೇಕು. ಕೇಳುತ್ತ ಕಥಾನಾಯಕ ಮರುಳಾಗುತ್ತಾನೆ, ನಾನೂ ಆದೆ. ಆಮೇಲೆ ಅವನು ಅಗೆಯುತ್ತಿರುವ ಸುರಂಗ ತೋರಿಸುತ್ತಾನೆ. ಒಂದು ವಾರ ಅಗೆದದ್ದು ಹತ್ತು ಗಜವೂ ಇಲ್ಲ. ಸ್ವಲ್ಪ ಹೊತ್ತು ಅಗೆದು, ‘ಸಾಕು, ಇವತ್ತಿಗೆ ವಿಶ್ರಾಂತಿ’ ಎಂದು ಊಟ ಮಾಡಿ, ಷಾಂಪೇನ್ ಕುಡಿದು, ಇಸ್ಪೀಟ್ ಆಡಲು ಕೂರುತ್ತಾನೆ.

ಇಡೀ ಕಾದಂಬರಿಯಲ್ಲಿ ನನಗೆ ಮಂಗಳದವರಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದವನು ಇವನೇ. ಏಕೆಂದರೆ ಇವನು ನನಗೆ ಚೆನ್ನಾಗಿ ಗೊತ್ತು. ಎಐ ಬಂದು ಕೆಲಸಗಳನ್ನೆಲ್ಲ ನುಂಗುತ್ತದೆ, ಕ್ಯಾಂಪಸ್‌ಗೆ ಕಂಪನಿಗಳೇ ಬರುವುದಿಲ್ಲ ಎಂದು ಹಾಸ್ಟೆಲ್‌ನಲ್ಲಿ ದಿನಾ ಮಾತು. ಅದಕ್ಕೆ ಎದುರಾಗಿ ನಮ್ಮ ಗೋಡೆಗಳ ಮೇಲೆ ಎಂಥೆಂಥ ಟೈಮ್‌ಟೇಬಲ್‌ಗಳಿವೆ! ಬೆಳಿಗ್ಗೆ ಐದಕ್ಕೆ ಕೋಡಿಂಗ್, ಏಳಕ್ಕೆ ಆಪ್ಟಿಟ್ಯೂಡ್, ಸಂಜೆ ಗೇಟ್. ಟೈಮ್‌ಟೇಬಲ್ ಬರೆದ ಸುಸ್ತಿಗೆ ಆ ದಿನ ರಜೆ. ಆಯುಧವಿಲ್ಲದಿರುವುದು ಇಲ್ಲಿನ ತೊಂದರೆಯಲ್ಲ. ಯೋಜನೆ ಹೇಳುವಾಗಲೇ ಗೆದ್ದಷ್ಟು ಖುಷಿ ಸಿಕ್ಕಿಬಿಡುತ್ತದೆ, ಆಮೇಲೆ ಸಲಿಕೆ ಹಿಡಿಯಲು ಮನಸ್ಸೇ ಬರುವುದಿಲ್ಲ.

ಈ ಸೆಮಿಸ್ಟರ್ ನಮ್ಮ ನಾಲ್ಕು ಜನರ ತಂಡ ಮಿನಿ ಪ್ರಾಜೆಕ್ಟ್‌ಗೆ ಆರಿಸಿಕೊಂಡದ್ದು ಹೂತ ವಸ್ತುವನ್ನು ಗುರುತಿಸುವ ಒಂದು ಪುಟ್ಟ ರೇಡಾರ್. ಮೊದಲ ರಿವ್ಯೂಗೆ 32 ಸ್ಲೈಡ್ ಮಾಡಿದ್ದೆವು. ಅದರಲ್ಲಿ ಆರು ‘ಫ್ಯೂಚರ್ ಸ್ಕೋಪ್’ಗೇ ಮೀಸಲು: ಸಿಯಾಚಿನ್, ಭೂಕುಸಿತ, ಗಣಿ, ಎಲ್ಲ ಇದ್ದವು. ಗೈಡ್ ಮೇಡಂ ಪೂರ್ತಿ ಕೇಳಿ, ‘ಸರ್ಕ್ಯೂಟ್ ಎಲ್ಲಿದೆ?’ ಅಂದರು. ಒಂದು ವೈರನ್ನೂ ನಾವು ಸೋಲ್ಡರ್ ಮಾಡಿರಲಿಲ್ಲ.

ಈಗ ಮಾಡಿದ್ದೇವೆ. ಲ್ಯಾಬಿನ ಹಿಂದೆ ಮರಳು ತುಂಬಿದ ಒಂದು ಸಿಮೆಂಟ್ ತೊಟ್ಟಿಯಲ್ಲಿ ನನ್ನ ಸ್ಟೀಲ್ ಟಿಫಿನ್ ಡಬ್ಬಿಯನ್ನು ಒಂದು ಅಡಿ ಆಳಕ್ಕೆ ಹೂತಿಟ್ಟು ಎಂಟು ದಿನವಾಯಿತು. ಎಲ್ಲಿ ಹೂತಿದ್ದೇವೆಂದು ನಮಗೆ ಗೊತ್ತು, ನಮ್ಮ ರೇಡಾರ್‌ಗೆ ಇನ್ನೂ ಗೊತ್ತಾಗಿಲ್ಲ. ನಾಳೆ ಆ್ಯಂಟೆನಾ ಬದಲಿಸಿ ನೋಡಬೇಕು. ಅಲ್ಲಿಯವರೆಗೆ ನನ್ನ ಊಟ ರೂಮ್‌ಮೇಟ್‌ನ ಡಬ್ಬಿಯಲ್ಲೇ.