ಏಳು ಸೆಕೆಂಡಿನ ತಡ

ಧಾರವಾಡದ ನಭೋವಾಣಿ ನಿಲಯವು ೧೯೫೦ನೆಯ ಇಸವಿಯ ಜನವರಿ ೮ರಂದು ಆರಂಭವಾಯಿತು. ಅಂದಿನ ಭಾಷಣಕಾರರು ತಮ್ಮ ಬರಹವನ್ನು ಮೊದಲೇ ಒಪ್ಪಿಸಿ, ಒಪ್ಪಿಗೆಯಾದುದನ್ನಷ್ಟೇ ಓದಬೇಕಾಗಿತ್ತು. ಈಗಲಾದರೋ ಕೇಳುಗರೇ ಮನೆಯಿಂದ ದೂರವಾಣಿಯಲ್ಲಿ ಮಾತನಾಡುವರು. ಬರಹವೇ ಇಲ್ಲದ ಮಾತನ್ನು ತಿದ್ದುವದೆಂತು? ಅಮೇರಿಕೆಯ ನಿಲಯಗಳು ೧೯೫೦ರ ದಶಕದಲ್ಲಿ ಇದಕ್ಕೊಂದು ಉಪಾಯ ಹೂಡಿದವು: ನೇರ ಪ್ರಸಾರವನ್ನೇ ಕೆಲವು ಸೆಕೆಂಡು ತಡಮಾಡುವದು.

ಒಂದು ಯಂತ್ರದಲ್ಲಿ ಧ್ವನಿ ಮುದ್ರಿತವಾದ ಟೇಪು ಮುಂದೆ ಸಾಗಿ ಇನ್ನೊಂದರಲ್ಲಿ ನುಡಿಯುವದು. ಟೇಪು ಸೆಕೆಂಡಿಗೆ ೭½ ಅಂಗುಲ ಓಡಿದರೆ, ಏಳು ಸೆಕೆಂಡಿನ ತಡಕ್ಕೆ ೫೨½ ಅಂಗುಲದ ಅಂತರ ಸಾಕು. ಇಂದು ಗಣಕದ ಸ್ಮೃತಿಯೇ ಆ ಕೆಲಸ ಮಾಡುವದು. ಬೈಗುಳು ಕಿವಿಗೆ ಬಿದ್ದೊಡನೆ ಕಾವಲು ಕುಳಿತವರು ಗುಂಡಿ ಒತ್ತುವರು; ಆ ಮಾತು ಮನೆಗಳನ್ನು ಮುಟ್ಟದು. ಕರೆ ಮಾಡಿದವರಿಗೆ 'ನಿಮ್ಮ ರೇಡಿಯೋ ಸಣ್ಣದು ಮಾಡಿರಿ' ಎಂದು ಹೇಳುವದು ಇದಕ್ಕಾಗಿಯೂ ಹೌದು. ತಡವಾಗಿ ಮರಳಿದ ತನ್ನ ದನಿಯನ್ನೇ ಕೇಳಿದರೆ ಎಂಥವರ ನಾಲಿಗೆಯೂ ತೊಡರುವದು.

ಮಕ್ಕಳುಮರಿ ಕೂಡಿ ಕೇಳುವ ಮನೆಗೆ ಹೊಲಸು ಮಾತು ಬಾರದಿರಲಿ, ನಮ್ಮ ತಕರಾರಿಲ್ಲ. ಆದರೆ ಅದೇ ಬೆರಳು ನಳದಲ್ಲಿ ನೀರು ಬಾರದೆನ್ನುವ ಗೃಹಿಣಿಯ ದೂರನ್ನೂ ಅಳಿಸಬಲ್ಲದು. ಬರಹದ ಮೇಲೆ ಎಳೆದ ಗೀಟು ಬರೆದವರ ಕಣ್ಣಿಗಾದರೂ ಕಾಣುತ್ತಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ, ಕಿಶೋರಕುಮಾರರ ಹಾಡುಗಳನ್ನು ಆಕಾಶವಾಣಿಯಿಂದ ಹೊರಗಿಡಲು ಯಂತ್ರವೇನೂ ಬೇಕಾಗಲಿಲ್ಲ, ಆಜ್ಞೆಯೇ ಸಾಕಾಯಿತು. ಆದರೂ ಅಷ್ಟು ಪರಿಚಿತ ಕಂಠ ಇಲ್ಲವಾದುದು ಕೇಳುಗರಿಗೆ ತಿಳಿಯದ ಸಂಗತಿಯಾಗಿರಲಾರದು. ಹೆಸರಿಲ್ಲದ ಗೃಹಿಣಿಯ ಏಳು ಸೆಕೆಂಡು ಹೋದರೆ ಅರಿತವರಾರು? ಇಂಥ ಯಂತ್ರವಿಟ್ಟುಕೊಂಡ ನಿಲಯದವರು, ಕಡಿದಾಗಲೆಲ್ಲ 'ಇಲ್ಲಿ ಮಾತು ಕಡಿದಿದ್ದೇವೆ' ಎಂದು ಒಂದು ವಾಕ್ಯ ನುಡಿಯಲೆಂದು ನಾವು ಕೇಳಿಕೊಳ್ಳುತ್ತೇವೆ.